ಕಿತ್ತಳೆ ಪಟ್ಟಿಯ ಪೀಪಾಯಿಗಳು

1960ರ ದಶಕದಲ್ಲಿ ದಕ್ಷಿಣ ವಿಯೆಟ್ನಾಮಿನ ಬಂದರುಗಳಲ್ಲಿ ಅಮೆರಿಕದ ಹಡಗುಗಳಿಂದ ಇಳಿಯುತ್ತಿದ್ದ 208 ಲೀಟರಿನ ಪೀಪಾಯಿಗಳ ನಡುವಿಗೆ ಒಂದೊಂದು ಬಣ್ಣದ ಪಟ್ಟಿ ಬಳಿದಿರುತ್ತಿತ್ತು. ಒಳಗಿರುವ ರಾಸಾಯನಿಕ ಯಾವುದೆಂದು ಸೈನಿಕರಿಗೆ ತಿಳಿಯಲೆಂದು ಹಾಕಿದ ಗುರುತು ಅದು: ನೇರಳೆ, ಗುಲಾಬಿ, ಹಸಿರು, ಬಿಳಿ, ನೀಲಿ, ಕಿತ್ತಳೆ. ಇವುಗಳಲ್ಲಿ ಕಿತ್ತಳೆ ಪಟ್ಟಿಯದೇ ಹೆಚ್ಚು ಖರ್ಚಾದ ಕಾರಣ ಏಜೆಂಟ್ ಆರೆಂಜ್ ಎಂಬ ಹೆಸರು ಲೋಕಕ್ಕೆಲ್ಲ ಪರಿಚಿತವಾಯಿತು. ದ್ರವದ ಬಣ್ಣಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. 1962ರಿಂದ 1971ರವರೆಗೆ ‘ರಾಂಚ್ ಹ್ಯಾಂಡ್’ ಎಂಬ ಕಾರ್ಯಾಚರಣೆಯಲ್ಲಿ ಅಮೆರಿಕದ ವಾಯುಪಡೆ ಇಂತಹ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕವನ್ನು ಆ ದೇಶದ ಮೇಲೆ ಸುರಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಿತ್ತಳೆ ಪಟ್ಟಿಯದು. ಸಿ-123 ಎಂಬ ಸರಕು ವಿಮಾನ ಮರಗಳ ನೆತ್ತಿಗಿಂತ ತುಸು ಮೇಲೆ, ಸುಮಾರು 45 ಮೀಟರ್ ಎತ್ತರದಲ್ಲಿ ಹಾರುತ್ತ, 3,700 ಲೀಟರಿಗೂ ಹೆಚ್ಚು ದ್ರವವಿದ್ದ ತನ್ನ ತೊಟ್ಟಿಯನ್ನು ನಾಲ್ಕೇ ನಿಮಿಷದಲ್ಲಿ ಬರಿದು ಮಾಡುತ್ತಿತ್ತು.

ಈ ಯುದ್ಧದಲ್ಲಿ ಗುರಿಯಿಟ್ಟದ್ದು ಎಲೆಗೆ. ಕಾಡಿನ ಮರೆಯಲ್ಲಿ ಓಡಾಡುತ್ತಿದ್ದ ಗೆರಿಲ್ಲಾ ಪಡೆಗಳು ಆಕಾಶದಿಂದ ಕಾಣುವಂತಾಗಬೇಕು, ಅವರಿಗೆ ಅನ್ನ ಒದಗಿಸುತ್ತಿದ್ದ ಗದ್ದೆಗಳು ಒಣಗಬೇಕು ಎಂಬುದು ಲೆಕ್ಕಾಚಾರ. ಇಂದು ಮಲೇಷ್ಯಾದ ಭಾಗವಾಗಿರುವ ಮಲಯದಲ್ಲಿ ಬ್ರಿಟಿಷರು ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ಆಗಿತ್ತು, ಆ ಪೂರ್ವನಿದರ್ಶನವನ್ನೇ ಅಮೆರಿಕ ತನ್ನ ಸಮರ್ಥನೆಗೆ ಬಳಸಿಕೊಂಡಿತು. ಆದರೆ ಎಲೆಗಿಟ್ಟ ಗುರಿಯಿಂದ ಎಲೆಗೆ ಆದ ಹಾನಿಗಿಂತ, ಯಾರೂ ಗುರಿಯಿಡದ, ಯಾರಿಗೂ ಬೇಕಿರದ, ಆ ಪೀಪಾಯಿಗಳೊಳಗೆ ಕಲ್ಮಶವಾಗಿ ಬೆರೆತಿದ್ದ ಒಂದು ವಸ್ತುವಿನಿಂದ ಆದ ಹಾನಿಯೇ ದೀರ್ಘವಾಯಿತು. ಆ ವಸ್ತುವಿನ ಜಾಡು ಹಿಡಿದು ಹೋದರೆ ನಾವು ತಲುಪುವುದು ಕಾಡಿಗಲ್ಲ, ಕೆರೆಯ ಕೆಸರಿಗೆ ಮತ್ತು ಬಾತುಕೋಳಿಯ ಕೊಬ್ಬಿಗೆ.

ಮೊದಲು ಎಲೆಯ ವಿಚಾರ. ಏಜೆಂಟ್ ಆರೆಂಜ್ ಎಂಬುದು 2,4-ಡಿ ಮತ್ತು 2,4,5-ಟಿ ಎಂಬ ಎರಡು ಸಸ್ಯನಾಶಕಗಳ ಸಮಪಾಲಿನ ಮಿಶ್ರಣ. ಇವೆರಡೂ ಗಿಡದ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ಹಾರ್ಮೋನಿನ ವೇಷ ಹಾಕಿಕೊಂಡು ಒಳಗೆ ಸೇರುತ್ತವೆ. ನಿಜವಾದ ಆಕ್ಸಿನನ್ನು ಗಿಡ ತನಗೆ ಬೇಕಾದಷ್ಟು ತಯಾರಿಸಿ, ಬೇಡವಾದಾಗ ಕರಗಿಸಿಬಿಡುತ್ತದೆ. ಈ ವೇಷಧಾರಿಯನ್ನು ಹಾಗೆ ಕರಗಿಸಲು ಅದಕ್ಕೆ ಬರುವುದಿಲ್ಲ. ಹೀಗಾಗಿ ಬೆಳೆ ಎಂಬ ಆಜ್ಞೆ ನಿಲ್ಲದೆ ಬರುತ್ತಲೇ ಇರುತ್ತದೆ, ಕಾಂಡ ತಿರುಚಿಕೊಳ್ಳುತ್ತದೆ, ಎಲೆ ಮುದುಡುತ್ತದೆ, ನೀರು ಮತ್ತು ಆಹಾರ ಸಾಗಿಸುವ ನಾಳಗಳು ಕೆಡುತ್ತವೆ, ಕೊನೆಗೆ ತೊಟ್ಟು ಸಡಿಲಗೊಂಡು ಎಲೆ ಉದುರುತ್ತದೆ. ಅಗಲ ಎಲೆಯ ಗಿಡಮರಗಳಿಗೆ ಇದು ಮಾರಕ, ಹುಲ್ಲಿನ ಜಾತಿಗೆ ಅಷ್ಟಾಗಿ ತಟ್ಟುವುದಿಲ್ಲ. ಇದೇ ಕಾರಣಕ್ಕೆ 2,4-ಡಿ ಇಂದಿಗೂ ನಮ್ಮ ಭತ್ತ, ಕಬ್ಬು, ಜೋಳದ ಹೊಲಗಳಲ್ಲಿ ಕಳೆನಾಶಕವಾಗಿ ಬಳಕೆಯಲ್ಲಿದೆ. ಅದು ತಾನಾಗಿಯೇ ಈ ಕಥೆಯ ಖಳನಾಯಕನಲ್ಲ. ಕೇಡು ಅಡಗಿದ್ದದ್ದು ಜೋಡಿಯ ಇನ್ನೊಂದರಲ್ಲಿ.

ಎಲೆ ಉದುರಿಸುವ ಈ ವಿದ್ಯೆಯ ಒಂದು ಬೇರು ಸೋಯಾ ಹೊಲದಲ್ಲಿದೆ. 1943ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಗಾಲ್‌ಸ್ಟನ್ ಎಂಬ ಸಂಶೋಧನಾ ವಿದ್ಯಾರ್ಥಿ ಸೋಯಾ ಗಿಡಕ್ಕೆ ಬೇಗ ಹೂ ಬರಿಸುವ ದಾರಿ ಹುಡುಕುತ್ತಿದ್ದ. ಅವನು ಬಳಸಿದ ರಾಸಾಯನಿಕ ಹಿತಮಿತವಾಗಿದ್ದರೆ ಹೂ ಬರುತ್ತಿತ್ತು, ಹೆಚ್ಚಾದರೆ ಎಲೆಗಳು ಉದುರುತ್ತಿದ್ದವು. ಅವನಿಗೆ ಅದೊಂದು ಅಡ್ಡ ಪರಿಣಾಮ, ಸೇನೆಯ ಸಂಶೋಧಕರಿಗೆ ಅದೇ ಬೇಕಾದದ್ದು. ಅವನು ಪ್ರಯೋಗಿಸಿದ ರಾಸಾಯನಿಕವೇ ಬೇರೆ, ಪೀಪಾಯಿಯಲ್ಲಿದ್ದದ್ದೇ ಬೇರೆ. ಆದರೂ ತನ್ನ ಕೆಲಸ ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿದ ಗಾಲ್‌ಸ್ಟನ್ ಮುಂದೆ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಈ ಸಿಂಪಡಣೆಯ ವಿರುದ್ಧ ನಿರಂತರ ದನಿಯೆತ್ತಿದರು. ‘ಇಕೋಸೈಡ್’, ಅಂದರೆ ಪರಿಸರ ಹತ್ಯೆ, ಎಂಬ ಪದವನ್ನು 1970ರಲ್ಲಿ ಚಲಾವಣೆಗೆ ತಂದವರು ಅವರೇ. ತನ್ನ ಪ್ರಬಂಧದ ಒಂದು ಉಪವಾಕ್ಯಕ್ಕಾಗಿ ಜೀವನವಿಡೀ ಉತ್ತರ ಕೊಟ್ಟ ವಿಜ್ಞಾನಿಗಳು ಹೆಚ್ಚು ಮಂದಿ ಇಲ್ಲ.

ಒಳನಾಡಿನ ದಟ್ಟ ಕಾಡುಗಳು ಒಂದು ಸಲದ ಸಿಂಪಡಣೆಯನ್ನು ಹೇಗೋ ತಾಳಿಕೊಂಡು ಮತ್ತೆ ಚಿಗುರುತ್ತಿದ್ದವು. ಎರಡನೆಯ, ಮೂರನೆಯ ಸಲಕ್ಕೆ ದೊಡ್ಡ ಮರಗಳು ನಿಂತಲ್ಲೇ ಸತ್ತವು. ಮರದ ನೆರಳು ಹೋದಲ್ಲಿ ಬಿಸಿಲು ನೆಲಕ್ಕೆ ಬಿತ್ತು, ಬಿಸಿಲು ಬಿದ್ದಲ್ಲಿ ದರ್ಭೆಯ ಬಳಗದ ಒರಟು ಹುಲ್ಲು ಆಳೆತ್ತರಕ್ಕೆ ಹಬ್ಬಿತು. ಸ್ಥಳೀಯರು ಅದಕ್ಕೆ ‘ಅಮೆರಿಕನ್ ಹುಲ್ಲು’ ಎಂದೇ ಹೆಸರಿಟ್ಟರು. ಬೇಸಿಗೆ ಬೇಸಿಗೆಗೂ ಹುಲ್ಲಿಗೆ ಬೆಂಕಿ ಬೀಳುತ್ತಿತ್ತು, ಬೆಂಕಿಯಲ್ಲಿ ಎಳೆ ಸಸಿಗಳು ಸಾಯುತ್ತಿದ್ದವು, ಹುಲ್ಲು ಮಾತ್ರ ಬುಡದಿಂದ ಮತ್ತೆ ಏಳುತ್ತಿತ್ತು. ವಿಯೆಟ್ನಾಮಿನ ಹೆಸರಾಂತ ಪಕ್ಷಿತಜ್ಞ ವೊ ಕ್ವಿ 1980ರ ದಶಕದಲ್ಲಿ ಲಾವೋಸ್ ಗಡಿಯ ‘ಆ ಲುಯಿ’ ಎಂಬ ಕಣಿವೆಯಲ್ಲಿ ಎಣಿಕೆ ಮಾಡಿದಾಗ ಸಿಕ್ಕಿದ್ದು 24 ಜಾತಿಯ ಹಕ್ಕಿಗಳು, 5 ಜಾತಿಯ ಸಸ್ತನಿಗಳು. ಸಿಂಪಡಣೆಗೆ ಒಳಗಾಗದೆ ಉಳಿದಿದ್ದ ಎರಡು ಕಾಡುಗಳಲ್ಲಿ ಹಕ್ಕಿಗಳು 145 ಮತ್ತು 170 ಜಾತಿ, ಸಸ್ತನಿಗಳು 30 ಮತ್ತು 55 ಜಾತಿ. ಈ ಪ್ರಾಣಿಗಳನ್ನು ವಿಷವೇ ನೇರವಾಗಿ ಕೊಂದಿತೆಂದು ಹೇಳಬೇಕಾಗಿಲ್ಲ. ಹಣ್ಣು ಕೊಡುವ ಮರ, ಗೂಡಿಗೆ ಪೊಟರೆ, ಓಡಾಡಲು ನೆರಳು ಇಲ್ಲವಾದರೆ ಅಷ್ಟೇ ಸಾಕು.

ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಪಾಡು ಇನ್ನೂ ಕಠಿಣವಾಗಿತ್ತು. ಅವು ಒಂದೇ ಸಿಂಪಡಣೆಗೆ ಸತ್ತವು. ದಕ್ಷಿಣ ವಿಯೆಟ್ನಾಮಿನ ಕಾಂಡ್ಲಾ ವನಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾಗ ಹೀಗೆ ನಾಶವಾಯಿತು. ಸೀಗಡಿ, ಏಡಿ, ಮೀನಿನ ಮರಿಗಳಿಗೆ ತೊಟ್ಟಿಲಿನಂತಿದ್ದ ಬೇರಿನ ಜಾಲ ಕೊಳೆತು, ಉಬ್ಬರವಿಳಿತಕ್ಕೆ ಬೋಳು ಕೆಸರು ಮಾತ್ರ ತೆರೆದುಕೊಂಡಿತು. ಸೈಗಾನ್ ಬಳಿಯ ಕಾನ್ ಜೊ ಪ್ರದೇಶದಲ್ಲಿ 1978ರಿಂದ ದೇಶದ ದಕ್ಷಿಣ ತುದಿಯ ಕಾ ಮಾವ್‌ನಿಂದ ಬೀಜ ತರಿಸಿ ಜನರೇ ಕೈಯಿಂದ ನೆಟ್ಟು ಕಾಡು ಕಟ್ಟಿದರು. 2000ದಲ್ಲಿ ಯುನೆಸ್ಕೋ ಅದನ್ನು ಜೀವಗೋಲ ಮೀಸಲು ಪ್ರದೇಶವೆಂದು ಘೋಷಿಸಿತು. ನೆಟ್ಟದ್ದು ಬಹುಪಾಲು ಒಂದೇ ಜಾತಿಯ ಗಿಡ ಎಂಬ ಕೊರತೆ ಇದ್ದರೂ, ಯುದ್ಧ ಕೆಡಿಸಿದ ನೆಲ ಮತ್ತೆ ಹಸಿರಾದ ಅಪರೂಪದ ಉದಾಹರಣೆಗಳಲ್ಲಿ ಅದೊಂದು. ವೊ ಕ್ವಿ ಅವರ ತಂಡ ಆ ಲುಯಿಯಲ್ಲಿ ಮಾಡಿದ ಪ್ರಯತ್ನ ಇಷ್ಟು ಸಲೀಸಾಗಿರಲಿಲ್ಲ. ಅಲ್ಲಿ ನೆಟ್ಟ ಕಾಡು ಸಸಿಗಳು ಬಿಸಿಲು ಮತ್ತು ಬೆಂಕಿಗೆ ಸತ್ತ ಮೇಲೆ, ಮೊದಲು ಬೇಗ ಬೆಳೆಯುವ ಅಕೇಶಿಯಾ ನೆಟ್ಟು, ಅದರ ನೆರಳಿನಲ್ಲಿ ನಾಡಮರಗಳನ್ನು ಬೆಳೆಸುವ ದಾರಿಯನ್ನು ಕಂಡುಕೊಳ್ಳಬೇಕಾಯಿತು.

ಇನ್ನು ಆ ಬೇಡದ ವಸ್ತು. 2,4,5-ಟಿ ತಯಾರಿಸುವಾಗ ತಾಪ ಮಿತಿಮೀರಿದರೆ ಟಿಸಿಡಿಡಿ ಎಂಬ ಡಯಾಕ್ಸಿನ್ ತಾನಾಗಿ ಹುಟ್ಟುತ್ತದೆ. ಸೇನೆಯ ಬೇಡಿಕೆ ಏರಿ ಕಾರ್ಖಾನೆಗಳು ಅವಸರದಲ್ಲಿ ಉತ್ಪಾದಿಸತೊಡಗಿದಾಗ ಈ ಕಲ್ಮಶಕ್ಕೆ ಅವಕಾಶವೂ ಹೆಚ್ಚಿತು. ದ್ರವದಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ವಿಯೆಟ್ನಾಮಿನ ಮೇಲೆ ಬಿದ್ದ ಡಯಾಕ್ಸಿನ್ ಎಲ್ಲವನ್ನೂ ಒಟ್ಟುಗೂಡಿಸಿದರೆ ಕೆಲವು ನೂರು ಕಿಲೋ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಒಂದು ಸಣ್ಣ ಟೆಂಪೋದಲ್ಲಿ ಹೇರಬಹುದಾದಷ್ಟು. ಆದರೆ ಇದು ಗ್ರಾಂ ಲೆಕ್ಕದಲ್ಲಿ ಅಳೆಯುವ ವಿಷವಲ್ಲ. ಮಣ್ಣಿನಲ್ಲಿ ಇದಕ್ಕೆ ವಿಯೆಟ್ನಾಂ ನಿಗದಿಪಡಿಸಿದ ಮಿತಿ 1,000 ಪಿಪಿಟಿ. ಒಂದು ಪಿಪಿಟಿ ಎಂದರೆ ಹತ್ತು ಲಕ್ಷ ಟನ್ ಮಣ್ಣಿನಲ್ಲಿ ಒಂದು ಗ್ರಾಂ.

ಡಯಾಕ್ಸಿನ್ನಿನ ಸ್ವಭಾವವನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ, ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಎಲೆಯ ಮೇಲೆ ಬಿದ್ದದ್ದು ಬಿಸಿಲಿಗೆ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಮಣ್ಣಿನ, ಕೆಸರಿನ ಕಣಕ್ಕೆ ಅಂಟಿ ಕತ್ತಲೆಯಲ್ಲಿ ಹೂತದ್ದು ದಶಕಗಟ್ಟಲೆ ಹಾಗೆಯೇ ಇರುತ್ತದೆ. ಆದ್ದರಿಂದಲೇ ಸಾವಿರಾರು ಚದರ ಕಿಲೋಮೀಟರ್ ಕಾಡಿನ ಮೇಲೆ ಸಿಂಪಡಿಸಿದ ಜಾಗಗಳಲ್ಲಿ ಇಂದು ಹುಡುಕಿದರೆ ಡಯಾಕ್ಸಿನ್ ಅತ್ಯಲ್ಪ. ಅದು ಗಡ್ಡೆ ಕಟ್ಟಿ ನಿಂತಿರುವುದು ಸೇನಾ ನೆಲೆಗಳಲ್ಲಿ: ಪೀಪಾಯಿಗಳನ್ನು ಪೇರಿಸಿಟ್ಟ ಅಂಗಳ, ವಿಮಾನಕ್ಕೆ ತುಂಬಿಸುವಾಗ ಚೆಲ್ಲಿದ ಕಟ್ಟೆ, ತೊಟ್ಟಿ ತೊಳೆದ ನೀರು ಹರಿದುಹೋದ ಚರಂಡಿ. ದಾ ನಾಂಗ್ ವಿಮಾನ ನಿಲ್ದಾಣದ ಅಂತಹ ಒಂದು ಜಾಗದ ಮಣ್ಣಿನಲ್ಲಿ ಮಿತಿಗಿಂತ 300ಕ್ಕೂ ಹೆಚ್ಚು ಪಟ್ಟು ಡಯಾಕ್ಸಿನ್ ಕಂಡುಬಂತು, ಅದೂ ಯುದ್ಧ ಮುಗಿದು ಮೂರು ದಶಕಗಳಾದ ಮೇಲೆ. ಖಾಲಿ ಪೀಪಾಯಿಗಳನ್ನು ಸುತ್ತಲಿನ ಜನ ನೀರು, ಎಣ್ಣೆ ತುಂಬಿಡಲು ಒಯ್ದದ್ದೂ ಉಂಟು. ಗಟ್ಟಿಮುಟ್ಟಾದ ಪೀಪಾಯಿ ಬಿಟ್ಟಿ ಸಿಕ್ಕರೆ ನಮ್ಮೂರುಗಳಲ್ಲಿ ಯಾರು ತಾನೆ ಬಿಟ್ಟಾರು?

ದಾ ನಾಂಗ್ ನಿಲ್ದಾಣದ ಮಳೆನೀರು ಹರಿದು ಸೇರುವಲ್ಲಿ ಒಂದು ತಾವರೆ ಕೆರೆ ಇದೆ. ಮಳೆ ಬಂದಾಗಲೆಲ್ಲ ಅಂಗಳದ ಮಣ್ಣು ಕೊಚ್ಚಿಕೊಂಡು ಬಂದು ಅದರ ತಳದಲ್ಲಿ ಕೂತಿತು. ಕೆಸರಿನ ಹುಳುಗಳು ಆ ಮಣ್ಣನ್ನು ತಿಂದವು, ಮೀನು ಹುಳುವನ್ನು ತಿಂದಿತು, ಬಾತುಕೋಳಿ ಕೆಸರನ್ನೇ ಕೊಕ್ಕಿನಲ್ಲಿ ಜಾಲಿಸಿ ನುಂಗಿತು. ಒಂದೊಂದು ಮೆಟ್ಟಿಲು ಏರಿದಂತೆ ಕೊಬ್ಬಿನಲ್ಲಿ ವಿಷ ಸಾಂದ್ರವಾಗುತ್ತ ಹೋಯಿತು. ಬಾತುಕೋಳಿಯ ಮಾಂಸದಲ್ಲಿ ಅಷ್ಟಿಲ್ಲದಿದ್ದರೂ ಕೊಬ್ಬಿನಲ್ಲಿ ಇರುತ್ತದೆ, ಮೀನಿನಲ್ಲೂ ಕೊಬ್ಬು ಇರುವಲ್ಲೇ ಹೆಚ್ಚು. ಕೆರೆಯಲ್ಲಿ ಮೀನು ಹಿಡಿದು, ತಾವರೆ ಕಿತ್ತು ಬದುಕುತ್ತಿದ್ದ ಕುಟುಂಬಗಳ ರಕ್ತದಲ್ಲೂ ತಾಯಂದಿರ ಹಾಲಿನಲ್ಲೂ ಡಯಾಕ್ಸಿನ್ ಏರಿದ್ದು ಹೀಗೆ. ಮನುಷ್ಯನ ದೇಹ ಒಳಸೇರಿದ ಟಿಸಿಡಿಡಿಯ ಅರ್ಧದಷ್ಟನ್ನು ಹೊರಹಾಕಲು ಏಳರಿಂದ ಹನ್ನೊಂದು ವರ್ಷ ತೆಗೆದುಕೊಳ್ಳುತ್ತದೆ. ತಾಯಿಯ ದೇಹಕ್ಕೆ ಮಾತ್ರ ಇದಕ್ಕಿಂತ ಬೇಗನೆ ಅದನ್ನು ಕಳೆದುಕೊಳ್ಳುವ ಒಂದು ದಾರಿಯಿದೆ, ಆ ದಾರಿ ಮಗುವಿನ ಬಾಯಿಗೆ ಹೋಗುತ್ತದೆ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1970ರಲ್ಲಿ ಸಂಗ್ರಹಿಸಿದ್ದ ತಾಯಂದಿರ ಹಾಲಿನ ಮಾದರಿಗಳಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ರಾಬರ್ಟ್ ಬಾಮನ್ ಈ ವಿಷವನ್ನು ಪತ್ತೆ ಮಾಡಿದ್ದರು. ಅಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವ ವಿಧಾನವನ್ನೇ ಅವರು ಮೊದಲು ರೂಪಿಸಿಕೊಳ್ಳಬೇಕಾಯಿತು.

ದೇಹದೊಳಗೆ ಡಯಾಕ್ಸಿನ್ ಒಂದು ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ನೂರಾರು ಜೀನುಗಳ ಕೆಲಸವನ್ನು ಏರುಪೇರು ಮಾಡುತ್ತದೆ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಜನ್ಮದೋಷಗಳ ವಿಷಯ ಇದಕ್ಕಿಂತ ಜಟಿಲ. 2,4,5-ಟಿ ಇಲಿಮರಿಗಳಲ್ಲಿ ವೈಕಲ್ಯ ತರುತ್ತದೆಂಬ ಪ್ರಯೋಗದ ಫಲಿತಾಂಶ 1969ರಲ್ಲಿ ಬಯಲಾದ್ದರಿಂದಲೇ 1970ರ ಏಪ್ರಿಲಿನಲ್ಲಿ ಏಜೆಂಟ್ ಆರೆಂಜ್ ಬಳಕೆ ನಿಂತಿತು. ಆದರೆ ವಿಯೆಟ್ನಾಮಿನ ಹಳ್ಳಿಯೊಂದರಲ್ಲಿ ಹುಟ್ಟಿದ ಒಂದು ನಿರ್ದಿಷ್ಟ ಮಗುವಿನ ವೈಕಲ್ಯಕ್ಕೆ ಇದೇ ಕಾರಣ ಎಂದು ಸಾಧಿಸಲು ಆ ತಾಯಿ ತಂದೆಯ ರಕ್ತದ ಹಳೆಯ ಲೆಕ್ಕ ಯಾರ ಬಳಿಯೂ ಇಲ್ಲ. ಸುಮಾರು 30 ಲಕ್ಷ ಜನ ಬಾಧಿತರೆಂದು ವಿಯೆಟ್ನಾಂ ರೆಡ್ ಕ್ರಾಸ್ ಅಂದಾಜಿಸಿದೆ, ಅಮೆರಿಕ ಆ ಸಂಖ್ಯೆಯನ್ನು ಒಪ್ಪಿಲ್ಲ. ವಿಜ್ಞಾನದ ಈ ಅನಿಶ್ಚಿತತೆ ಯಾರಿಗೆ ಲಾಭವಾಯಿತೆಂಬುದು ನ್ಯಾಯಾಲಯಗಳಲ್ಲಿ ಕಾಣುತ್ತದೆ: ಅಮೆರಿಕದ ಮಾಜಿ ಸೈನಿಕರಿಗೆ ರಾಸಾಯನಿಕ ಕಂಪನಿಗಳು 1984ರಲ್ಲಿ 18 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು, ವಿಯೆಟ್ನಾಮಿನ ಸಂತ್ರಸ್ತರು 2004ರಲ್ಲಿ ಅಮೆರಿಕದಲ್ಲಿ ಹೂಡಿದ ದಾವೆ ಮರುವರ್ಷವೇ ವಜಾ ಆಯಿತು.

ಮೇಲಿನಿಂದ ಸುರಿದದ್ದು ಗುರಿಯಲ್ಲೇ ನಿಲ್ಲುತ್ತದೆ ಎಂಬ ಭ್ರಮೆಗೆ ಯುದ್ಧವೇ ಬೇಕಾಗಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳನ್ನು ನೆನೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಸಾಯನಿಕ ಬೇರೆ, ಉದ್ದೇಶ ಬೇರೆ. ಕೆಳಗೆ ಮನೆ, ಬಾವಿ, ಹಟ್ಟಿಗಳಿದ್ದವೆಂಬುದು ಮಾತ್ರ ಎರಡೂ ಕಡೆ ಒಂದೇ.

ದಾ ನಾಂಗ್‌ನಲ್ಲಿ 2012ರಲ್ಲಿ ಶುದ್ಧೀಕರಣ ಶುರುವಾಯಿತು. ವಿಧಾನ ಕೇಳಲು ಸರಳ: ವಿಷದ ಮಣ್ಣನ್ನೂ ಕೆಸರನ್ನೂ ಅಗೆದು ಕಾಂಕ್ರೀಟಿನ ಬೃಹತ್ ಪೆಟ್ಟಿಗೆಯಲ್ಲಿ ತುಂಬಿ, ಸಾವಿರಕ್ಕೂ ಹೆಚ್ಚು ಕಾಯಿಸುವ ಸರಳುಗಳನ್ನು ಇಳಿಸಿ, ಇಡೀ ರಾಶಿಯನ್ನು 335 ಡಿಗ್ರಿ ಸೆಲ್ಸಿಯಸ್‌ವರೆಗೆ ತಿಂಗಳುಗಟ್ಟಲೆ ಬೇಯಿಸುವುದು. ಅಷ್ಟು ಕಾವಿಗೆ ಡಯಾಕ್ಸಿನ್ ಒಡೆಯುತ್ತದೆ, ಆವಿಯಾಗಿ ಹೊರಟದ್ದನ್ನು ಹಿಡಿದು ಸೋಸುತ್ತಾರೆ. ಸುಮಾರು 90,000 ಘನ ಮೀಟರ್ ಮಣ್ಣನ್ನು ಹೀಗೆ ಬೇಯಿಸಿ ಮುಗಿಸಿದ್ದು 2018ರಲ್ಲಿ, ಖರ್ಚು ಸುಮಾರು 11 ಕೋಟಿ ಡಾಲರ್. 2019ರಲ್ಲಿ ಕೈಗೆತ್ತಿಕೊಂಡ ಬಿಯೆನ್ ಹೋವಾ ವಾಯುನೆಲೆಯಲ್ಲಿ ಇದಕ್ಕಿಂತ ಹಲವು ಪಟ್ಟು, ಸುಮಾರು 5 ಲಕ್ಷ ಘನ ಮೀಟರ್ ಮಣ್ಣಿದೆ. ಪೀಪಾಯಿಗಳಿಂದ ಸಾವಿರಾರು ಲೀಟರ್ ದ್ರವ ಸೋರಿಹೋಗಿದ್ದ ಜಾಗ ಅದು.

‘ಆ ಲುಯಿ’ ಕಣಿವೆಯ ‘ಆ ಸೊ’ ಎಂಬಲ್ಲಿ 1966ರಲ್ಲೇ ಮುಚ್ಚಿಹೋದ ಒಂದು ಸಣ್ಣ ಸೇನಾ ನೆಲೆಯಿತ್ತು. ಅಲ್ಲಿನ ಮಣ್ಣಿನಲ್ಲೂ ಮೀನುಕೊಳಗಳಲ್ಲೂ ಬಾತುಕೋಳಿಯ ಕೊಬ್ಬಿನಲ್ಲೂ ಡಯಾಕ್ಸಿನ್ ಇರುವುದನ್ನು 1990ರ ದಶಕದ ಅಧ್ಯಯನಗಳು ತೋರಿಸಿದ್ದವು. ದಾ ನಾಂಗ್‌ನಂತಹ ಕುಲುಮೆಗೆ ಆ ಬಡ ಕಣಿವೆಯಲ್ಲಿ ಹಣವಿರಲಿಲ್ಲ. ಹಾಗಾಗಿ ದನಕರುಗಳೂ ಮಕ್ಕಳೂ ಆ ಜಾಗಕ್ಕೆ ಹೋಗದಂತೆ ತಡೆಯಲು ಅರಣ್ಯತಜ್ಞರೊಬ್ಬರು ಊರಿನವರನ್ನು ಕೂಡಿಕೊಂಡು ಸುತ್ತಲೂ ಬೊ ಕೆಟ್ ಎಂಬ ಮುಳ್ಳುಮರದ ಬೇಲಿ ಬೆಳೆಸಿದರು. ಕಾಂಡದ ತುಂಬ ಕವಲೊಡೆದ ಉದ್ದ ಮುಳ್ಳುಗಳು, ಕೊಂಬೆಯಲ್ಲಿ ಚಪ್ಪಟೆ ಕಾಯಿಗಳು. ನಮ್ಮ ಸೀಗೆಯಂತೆಯೇ ಆ ಕಾಯಿಯನ್ನು ಒಣಗಿಸಿ, ಕುದಿಸಿ, ವಿಯೆಟ್ನಾಮಿನ ಹೆಂಗಸರು ತಲೆ ತೊಳೆಯುತ್ತಾರೆ. ನೀರಿನಲ್ಲಿ ಕರಗದ ಡಯಾಕ್ಸಿನ್ ಬೇರಿನ ಮೂಲಕ ಮೇಲೇರಿ ಕಾಯಿಗೆ ಬರುವುದಿಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೇಲಿಯ ಕಾಯಿಯನ್ನು ಕೊಯ್ದು ಸಂತೆಗೆ ಒಯ್ಯಬಹುದಿತ್ತು. ಬೇಲಿಯ ಒಳಗಿನ ಹುಲ್ಲನ್ನು ಮಾತ್ರ ದನಕ್ಕೆ ಮೇಯಿಸುವಂತಿರಲಿಲ್ಲ.