ರಕ್ತದ ಲೆಕ್ಕದಲ್ಲಿ ಓಲ್ಗಾ ಕನಿಸ್ಕಿನಾ

ರಷ್ಯಾದ ನಡಿಗೆ ಸ್ಪರ್ಧಿ ಓಲ್ಗಾ ಕನಿಸ್ಕಿನಾ ಅವರ ಹೆಸರಿನಲ್ಲಿ ಇಂದು 2007ರ ಒಸಾಕಾ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ನ ಚಿನ್ನ ಉಳಿದಿವೆ. 2009ರ ಬರ್ಲಿನ್ ಮತ್ತು 2011ರ ದೇಗು ವಿಶ್ವ ಚಾಂಪಿಯನ್‌ಷಿಪ್‌ಗಳ ಚಿನ್ನ, 2010ರ ಬಾರ್ಸಿಲೋನಾ ಯುರೋಪಿಯನ್ ಕೂಟದ ಚಿನ್ನ, 2012ರ ಲಂಡನ್ ಒಲಿಂಪಿಕ್ಸ್‌ನ ಬೆಳ್ಳಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ರದ್ದಾಗಿವೆ. ಒಬ್ಬರೇ ಕ್ರೀಡಾಪಟುವಿನ ವೃತ್ತಿಜೀವನ ಒಂದು ದಿನಾಂಕದ ಆಚೆಗೆ ಒಂದು, ಈಚೆಗೆ ಇನ್ನೊಂದು ಎಂಬಂತೆ ಸೀಳಿಹೋದದ್ದು ಹೇಗೆ ಎಂಬುದನ್ನು, ರಕ್ತಪರೀಕ್ಷೆಯ ವರದಿಗಳನ್ನು ಓದುವುದನ್ನೇ ವೃತ್ತಿಯಾಗಿಸಿಕೊಂಡ ನಾನು ವಿವರಿಸಬೇಕೆಂದಿದ್ದೇನೆ.

ಕನಿಸ್ಕಿನಾ ಹುಟ್ಟಿದ್ದು 1985ರಲ್ಲಿ, ರಷ್ಯಾದೊಳಗಿನ ಮೊರ್ದೊವಿಯಾ ಗಣರಾಜ್ಯದ ಒಂದು ಹಳ್ಳಿಯಲ್ಲಿ. ಅಲ್ಲಿನ ರಾಜಧಾನಿ ಸರಾನ್ಸ್ಕ್‌ನಲ್ಲಿ ವಿಕ್ಟರ್ ಚೆಗಿನ್ ಎಂಬ ತರಬೇತುದಾರರ ಗರಡಿಯಲ್ಲಿ ಅವರು ಬೆಳೆದರು. ಬೀಜಿಂಗ್‌ನಲ್ಲಿ ಸುರಿಯುತ್ತಿದ್ದ ಮಳೆಯಲ್ಲಿ 20 ಕಿ.ಮೀ. ದೂರವನ್ನು 1 ಗಂಟೆ 26 ನಿಮಿಷ 31 ಸೆಕೆಂಡುಗಳಲ್ಲಿ ಮುಗಿಸಿ, ಎರಡನೆಯ ಸ್ಥಾನದ ನಾರ್ವೆಯ ನಡಿಗೆಗಾರ್ತಿಯನ್ನು 36 ಸೆಕೆಂಡು ಹಿಂದಿಕ್ಕಿದರು. ಸದಾ ಒಂದು ಪಾದ ನೆಲಕ್ಕೆ ತಾಗಿರಬೇಕು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ನೇರಕ್ಕೆ ಬರುವವರೆಗೆ ಮೊಣಕಾಲು ಬಾಗಬಾರದು ಎಂಬ ಕಟ್ಟುಪಾಡಿನೊಳಗೆ ಆ ವೇಗವನ್ನು ಒಂದೂವರೆ ಗಂಟೆಯಷ್ಟು ಕಾಲ ಉಳಿಸಿಕೊಳ್ಳಬೇಕಾದರೆ, ಸ್ನಾಯುಗಳಿಗೆ ಆಮ್ಲಜನಕ ಎಡೆಬಿಡದೆ ತಲುಪುತ್ತಿರಬೇಕು. ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಆದ್ದರಿಂದಲೇ ಇಂಥ ಸ್ಪರ್ಧೆಗಳಲ್ಲಿ ರಕ್ತವನ್ನು ಕೃತಕವಾಗಿ ಹೆಚ್ಚಿಸಿಕೊಳ್ಳುವ ಆಮಿಷ ದೊಡ್ಡದು.

ಕೆಂಪು ಕಣಗಳ ಉತ್ಪಾದನೆಯನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್‌ನಂಥ ಮದ್ದು ಮೂತ್ರದಲ್ಲಿ ಬೇಗನೆ ಕಾಣದಂತಾಗುತ್ತದೆ, ಆದರೆ ಅದು ಹುಟ್ಟಿಸಿದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. 2009ರಲ್ಲಿ ಜಾರಿಗೆ ಬಂದ ಜೈವಿಕ ಪಾಸ್‌ಪೋರ್ಟ್ ವ್ಯವಸ್ಥೆ ಮದ್ದನ್ನು ಹುಡುಕುವುದಿಲ್ಲ. ಅದೇ ವ್ಯಕ್ತಿಯ ರಕ್ತವನ್ನು ಮತ್ತೆ ಮತ್ತೆ ಅಳೆದು, ಆ ರಕ್ತ ತನ್ನ ಸಹಜ ಮಿತಿಯನ್ನು ದಾಟಿದೆಯೇ ಎಂದು ನೋಡುತ್ತದೆ. ಇಲ್ಲಿ ಮುಖ್ಯವಾಗುವುದು ಎರಡು ಅಂಕಿಗಳು. ಒಂದು ಹಿಮೋಗ್ಲೋಬಿನ್, ಇನ್ನೊಂದು ಮೂಳೆಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪು ಕಣಗಳ, ಅಂದರೆ ರೆಟಿಕ್ಯುಲೊಸೈಟ್‌ಗಳ, ಶೇಕಡಾವಾರು ಪ್ರಮಾಣ. ಮದ್ದು ತೆಗೆದುಕೊಳ್ಳುವಾಗ ಎಳೆಯ ಕಣಗಳು ಏರುತ್ತವೆ. ಸ್ಪರ್ಧೆ ಹತ್ತಿರ ಬಂದು ಮದ್ದನ್ನು ನಿಲ್ಲಿಸಿದಾಗ ರಕ್ತ ತುಂಬಿರುವುದನ್ನು ಕಂಡ ದೇಹ ಹೊಸ ಕಣಗಳ ಉತ್ಪಾದನೆಯನ್ನು ತಗ್ಗಿಸುತ್ತದೆ. ಆಗ ಹಿಮೋಗ್ಲೋಬಿನ್ ಮೇಲಿರುತ್ತದೆ, ಎಳೆಯ ಕಣ ಕೆಳಗಿಳಿದಿರುತ್ತದೆ. ಇದನ್ನು ಹಿಡಿಯಲು ಒಂದು ಸೂತ್ರವಿದೆ: ಲೀಟರಿಗೆ ಇಷ್ಟು ಗ್ರಾಂ ಎಂದು ಅಳೆದ ಹಿಮೋಗ್ಲೋಬಿನ್‌ನಿಂದ, ಎಳೆಯ ಕಣಗಳ ಶೇಕಡಾವಾರಿನ ವರ್ಗಮೂಲದ 60 ಪಟ್ಟನ್ನು ಕಳೆಯಬೇಕು. ಉದಾಹರಣೆಗೆ 150 ಮತ್ತು 1 ಇದ್ದರೆ ಉತ್ತರ 90. 160 ಮತ್ತು 0.25 ಇದ್ದರೆ 130. ಈ ಅಂಕಿ ಮೇಲೇರಿದಷ್ಟೂ ಅನುಮಾನ ಹೆಚ್ಚು. ಎತ್ತರದ ಪ್ರದೇಶದ ತರಬೇತಿ, ನಿರ್ಜಲೀಕರಣ, ಕಾಯಿಲೆ ಇವುಗಳಿಂದಲೂ ಅಂಕಿ ಅಲುಗಾಡುತ್ತದೆ. ಹಾಗಾಗಿಯೇ ವ್ಯಾಯಾಮ ಮುಗಿದು ಸಾಕಷ್ಟು ಹೊತ್ತು ಕಳೆದ ಮೇಲೆ, ಹತ್ತು ನಿಮಿಷ ಕೂರಿಸಿ ರಕ್ತ ತೆಗೆಯುವ ನಿಯಮವಿದೆ. ಕ್ರೀಡಾಪಟುವಿನ ಹೆಸರು ತಿಳಿಯದ ಮೂವರು ತಜ್ಞರು ವರದಿಯನ್ನು ಓದುತ್ತಾರೆ. ಆಸ್ಪತ್ರೆಯ ರೋಗಿಯ ವರದಿಯನ್ನು ಓದುವಾಗಲೂ ಇಷ್ಟು ಎಚ್ಚರ ಇದ್ದರೆ ಒಳ್ಳೆಯದೆಂದು ನನಗೆ ಅನ್ನಿಸಿದೆ.

ಕನಿಸ್ಕಿನಾ ಪ್ರಕರಣ ನಿಂತದ್ದು ಈ ಪಾಸ್‌ಪೋರ್ಟ್‌ನ ಆಧಾರದ ಮೇಲೆ. 2015ರ ಜನವರಿಯಲ್ಲಿ ರಷ್ಯಾದ ಉದ್ದೀಪನ ಮದ್ದು ತಡೆ ಸಂಸ್ಥೆ ಅವರಿಗೆ ಮೂರು ವರ್ಷ ಎರಡು ತಿಂಗಳ ನಿಷೇಧ ವಿಧಿಸಿತು. ಆದರೆ ಫಲಿತಾಂಶಗಳನ್ನು ರದ್ದು ಮಾಡುವಾಗ 2009ರ ಜುಲೈ 15ರಿಂದ ಸೆಪ್ಟೆಂಬರ್ 16ರವರೆಗಿನ ಮತ್ತು 2011ರ ಜುಲೈ 30ರಿಂದ ನವೆಂಬರ್ 8ರವರೆಗಿನ ಎರಡು ತುಣುಕುಗಳನ್ನು ಮಾತ್ರ ಆರಿಸಿತು. ಬಾರ್ಸಿಲೋನಾ, ಲಂಡನ್ ಎರಡೂ ಹೊರಗುಳಿದವು. ಈ ತೀರ್ಮಾನವನ್ನು ರಕ್ತಶಾಸ್ತ್ರದ ದೃಷ್ಟಿಯಿಂದ ನಾನು ಒಪ್ಪಲಾರೆ. ಪರೀಕ್ಷೆ ನಡೆಯದ ತಿಂಗಳುಗಳು ಶುದ್ಧವಾಗಿದ್ದವೆಂದು ಹೇಳಲು ಅದು ಯಾವ ಆಧಾರವನ್ನೂ ಕೊಡುವುದಿಲ್ಲ. ಹೆಚ್ಚಿದ ರಕ್ತದ ಬಲದಿಂದ ಮಾಡಿದ ಕಠಿಣ ತಾಲೀಮಿನ ಫಲವಂತೂ ಆ ಕಣಗಳು ಸತ್ತ ಮೇಲೂ ದೇಹದಲ್ಲಿ ಉಳಿಯುತ್ತದೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಸಲ್ಲಿಸಿತು. 2016ರ ಮಾರ್ಚ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ 2009ರ ಆಗಸ್ಟ್ 15ರಿಂದ 2012ರ ಅಕ್ಟೋಬರ್ 15ರವರೆಗಿನ ಎಲ್ಲ ಫಲಿತಾಂಶಗಳನ್ನೂ ರದ್ದುಪಡಿಸಿತು. ಬರ್ಲಿನ್ ಸ್ಪರ್ಧೆ ನಡೆದದ್ದು ಆಗಸ್ಟ್ 16ರಂದು. ಚೆಗಿನ್ ಅವರಿಗೆ ಅದೇ ವರ್ಷ ಆಜೀವ ನಿಷೇಧ ಬಿತ್ತು.

ಬರ್ಲಿನ್‌ನ ಚಿನ್ನ ಐರ್ಲೆಂಡಿನ ಆಲಿವ್ ಲಾಕ್ನೇನ್ ಅವರದಾಯಿತು, ದೇಗುವಿನದು ಚೀನಾದ ಲಿಯು ಹಾಂಗ್ ಅವರದು. ಲಂಡನ್‌ನಲ್ಲಿ ಮೂರನೆಯವರಾಗಿ ಬಂದಿದ್ದ ಚೀನಾದ ಚ್ಯೆಯಾಂಗ್ ಶಿಜಿಯೆ ಕನಿಸ್ಕಿನಾ ಅವರ ಬೆಳ್ಳಿಗೆ ಏರಿದರು. 1 ಗಂಟೆ 25 ನಿಮಿಷ 2 ಸೆಕೆಂಡುಗಳಲ್ಲಿ ಗೆದ್ದಿದ್ದ ರಷ್ಯಾದ ಎಲೆನಾ ಲಶ್ಮನೋವಾ ಅವರ ಫಲಿತಾಂಶವೂ 2022ರಲ್ಲಿ ರದ್ದಾದ ಬಳಿಕ ಚ್ಯೆಯಾಂಗ್ ಚಿನ್ನಕ್ಕೆ ಏರಿದರು. ಸ್ಪರ್ಧೆ ಮುಗಿದ ಹತ್ತು ವರ್ಷಕ್ಕೆ ಬಂದ ಈ ನ್ಯಾಯ ಪೂರ್ಣ ನ್ಯಾಯವೆಂದು ನಾನು ಭಾವಿಸುವುದಿಲ್ಲ, ಏಕೆಂದರೆ ಸ್ಪರ್ಧೆಯ ಆ ದಿನಗಳಲ್ಲೇ ಲಂಡನ್‌ನ ಜನರ ಎದುರು ತಮ್ಮ ರಾಷ್ಟ್ರಗೀತೆ ಕೇಳುವ ಗಳಿಗೆ ಆ ನಡಿಗೆಗಾರ್ತಿಗೆ ಸಿಗಲೇ ಇಲ್ಲ.

ಹಾಗಾದರೆ ಬೀಜಿಂಗ್‌ನ ಗೆಲುವು ಶುದ್ಧವೇ ಎಂದು ಓದುಗರು ಕೇಳಬಹುದು. ನ್ಯಾಯಮಂಡಳಿ ರದ್ದುಪಡಿಸಿದ ಅವಧಿ ಆರಂಭವಾಗುವುದೇ ಬೀಜಿಂಗ್ ಮುಗಿದು ಸುಮಾರು ಒಂದು ವರ್ಷವಾದ ಮೇಲೆ. ಅದಕ್ಕೂ ಹಿಂದಿನ ರಕ್ತದ ಬಗ್ಗೆ ಅನುಮಾನವನ್ನಾಗಲಿ ಪ್ರಮಾಣಪತ್ರವನ್ನಾಗಲಿ ಕೊಡುವುದು ನನ್ನ ವೃತ್ತಿಗೆ ಸಲ್ಲದು, ಮತ್ತು ಪುರಾವೆ ಇಲ್ಲದಿರುವಾಗ ಆ ಪದಕ ಅವರಲ್ಲೇ ಉಳಿದಿರುವುದು ಸರಿಯಾಗಿದೆ.