ಕರೆಂಟಿನ ಸದ್ದು ಕೇಳುತ್ತಾ ಬೀದಿ ಸುತ್ತುವವರು

ಬಟ್ಟೆ ಅಂಗಡಿಯ ಬಾಗಿಲಲ್ಲಿ ಒಬ್ಬರು ಒಳಗೊಂದು ಹೆಜ್ಜೆ, ಹೊರಗೊಂದು ಹೆಜ್ಜೆ ಇಡುತ್ತಿದ್ದಾರೆ. ಕಿವಿಗೆ ದಪ್ಪ ಹೆಡ್‌ಫೋನ್, ಕಣ್ಣು ಮುಚ್ಚಿದೆ. ಕಳ್ಳತನ ಹಿಡಿಯಲು ಬಾಗಿಲ ಎರಡೂ ಪಕ್ಕ ಕಂಬ ನಿಲ್ಲಿಸಿರುತ್ತಾರಲ್ಲ, ಅದರ ನಡುವೆ ನಿಧಾನವಾಗಿ ತೂಗುತ್ತಿದ್ದಾರೆ. ದಾರಿಹೋಕರಿಗೆ ಏನೂ ಕೇಳಿಸುವುದಿಲ್ಲ. ಅವರ ಕಿವಿಯಲ್ಲಿ ಮಾತ್ರ ತಾಳ ಬೀಳುತ್ತಿದೆ. ಹತ್ತಿರ ಹೋದರೆ ಜೋರು, ಸರಿದರೆ ಮೆಲ್ಲಗೆ.

ಜರ್ಮನಿಯ ಕಲಾವಿದೆ ಕ್ರಿಸ್ಟಿನಾ ಕುಬಿಶ್ ಅವರ ‘ಎಲೆಕ್ಟ್ರಿಕಲ್ ವಾಕ್ಸ್’ ಎಂದರೆ ಇದೇ. 2004ರಲ್ಲಿ ಕಲೋನ್ ನಗರದಲ್ಲಿ ಶುರುವಾದ ಈ ನಡಿಗೆ ಆಮೇಲೆ ಹತ್ತಾರು ಊರು ಕಂಡಿದೆ. ಒಂದು ಹೆಡ್‌ಫೋನ್, ಒಂದು ನಕ್ಷೆ ಕೈಗೆ ಕೊಡುತ್ತಾರೆ. ಹೊರಡಬೇಕು, ಅಷ್ಟೇ. ಒಳಗೆ ಮೊದಲೇ ತುಂಬಿಟ್ಟ ಹಾಡು ಇಲ್ಲ. ಎರಡೂ ಕಿವಿಯ ಹತ್ತಿರ, ಸುತ್ತಲಿನ ಕರೆಂಟನ್ನು ಹಿಡಿದು ಸದ್ದಾಗಿಸುವ ತಾಮ್ರದ ಸುರುಳಿ ಇದೆ. ಎಟಿಎಂ, ಟ್ರಾಮ್, ನಿಯಾನ್ ಬೋರ್ಡು, ಎಲ್ಲಕ್ಕೂ ಒಂದೊಂದು ದನಿ. ತಲೆ ಓರೆ ಮಾಡಿದರೂ ಸಾಕು, ಸದ್ದು ಬದಲಾಗುತ್ತದೆ. ಹಾಗಾಗಿ ಜೊತೆಯಲ್ಲೇ ನಡೆದ ಇಬ್ಬರಿಗೂ ಕೇಳಿಸುವುದು ಒಂದೇ ಅಲ್ಲ. ಇಲ್ಲಿ ಕೇಳುಗರೇ ವಾದ್ಯಗಾರರು.

ಕುಬಿಶ್ ಕೊಳಲು ಕಲಿತವರು. ಆಮೇಲೆ ಇಟಲಿಯ ಮಿಲಾನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಲು ಹೋದರು. ಫೋನ್ ಮಾತನ್ನು ಜೋರಾಗಿ ಕೇಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡು ಚೀಲದಲ್ಲಿ ಹಾಕಿಕೊಂಡಿದ್ದರು. ಆಫ್ ಮಾಡಿರಲಿಲ್ಲ. ಪ್ರಯೋಗಾಲಯಕ್ಕೆ ಕಾಲಿಟ್ಟರೆ ಚೀಲವೇ ಏನೇನೋ ಸದ್ದು ಮಾಡತೊಡಗಿತು! ಅದರೊಳಗಿನ ಸುರುಳಿ ಕೋಣೆಯ ಯಂತ್ರಗಳ ಕರೆಂಟನ್ನು ಹಿಡಿಯುತ್ತಿತ್ತು. 1980ರ ಆಸುಪಾಸಿನಲ್ಲಿ ಅವರು ಗೋಡೆ, ಮರಗಳಿಗೆ ತಂತಿ ಎಳೆದು ಅದರಲ್ಲಿ ಸಂಗೀತ ಹರಿಸುವ ಕಲಾಕೃತಿಗಳನ್ನು ಮಾಡಿದರು. ಬರಬರುತ್ತಾ ಆ ಸಂಗೀತದ ನಡುವೆ ಊರಿನ ಕರೆಂಟಿನ ಗುಂಯ್ ಜಾಸ್ತಿಯಾಯಿತು. ಅಡ್ಡಿಯಾಗಿದ್ದ ಆ ಗುಂಯ್ ಅನ್ನೇ ಕೇಳೋಣ ಅಂತ ಹೊರಟದ್ದು ಈ ನಡಿಗೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆ ಸುರುಳಿ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇಷ್ಟು: ಕಾಂತಕ್ಷೇತ್ರ ಸುಮ್ನೆ ಇದ್ದರೆ ಸುರುಳಿಗೆ ಏನೂ ಆಗುವುದಿಲ್ಲ. ಅದು ಬದಲಾದರೆ ಮಾತ್ರ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ರಾತ್ರಿಯಿಡೀ ಫ್ಯಾನ್ ತಿರುಗುತ್ತಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಅದು ನಿಂತ ತಕ್ಷಣ ಎಚ್ಚರವಾಗುತ್ತದೆ, ಅಲ್ವಾ? ಬಸ್ಸೂ ಹಾಗೆಯೇ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ನಿಂತವರು ಆರಾಮ. ಬ್ರೇಕ್ ಹಾಕಿದಾಗ ಎಲ್ಲರೂ ವಾಲುತ್ತಾರೆ. ಸುರುಳಿಯ ಒಂದೊಂದು ಸುತ್ತೂ ನಿಂತ ಒಬ್ಬೊಬ್ಬ ಪ್ರಯಾಣಿಕ ಅಂದುಕೊಳ್ಳಿ. ಒಬ್ಬ ವಾಲಿದರೆ ಏನಿಲ್ಲ. ಐನೂರು ಜನ ಒಟ್ಟಿಗೆ ವಾಲಿದರೆ ಮುಂದೆ ನಿಂತವನ ಗತಿ? ಸುತ್ತು ಜಾಸ್ತಿಯಾದಷ್ಟೂ ತಳ್ಳುವ ಬಲ ಜಾಸ್ತಿ.

ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತೂಗುತ್ತದೆ, ತಂತಿಯ ಸುತ್ತಲಿನ ಕಾಂತಕ್ಷೇತ್ರವೂ ಅದರ ಜೊತೆಗೇ ತೂಗುತ್ತದೆ. ನಮ್ಮ ಕಿವಿ ಸುಮಾರು 20ರಿಂದ 20,000ದವರೆಗಿನ ಕಂಪನ ಕೇಳುತ್ತದೆ. ಅಂದರೆ ಕರೆಂಟಿನ ತೂಗಾಟ ಕಿವಿಯ ಅಳವಿನಲ್ಲೇ ಇದೆ! ನಡುವೆ ಯಾವ ಅನುವಾದಕನೂ ಬೇಕಿಲ್ಲ. ಸುರುಳಿ ಹಿಡಿದದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟರೆ ಸಾಕು. ಮೊಬೈಲಿನ ಅಲೆ ಹಾಗಲ್ಲ, ಅದರ ಕಂಪನ ಕೋಟಿಗಟ್ಟಲೆ. ಆದರೆ ಹಳೆಯ 2ಜಿ ಫೋನು ಅದನ್ನು ಸೆಕೆಂಡಿಗೆ ಸುಮಾರು 217 ತುಣುಕುಗಳಾಗಿ ಕಳಿಸುತ್ತಿತ್ತು. ಮಿಂಚುಹುಳದ ಬೆಳಕಿನ ಕಂಪನ ಎಣಿಸಲಾಗದಿದ್ದರೂ ಅದು ಮಿನುಗುವುದನ್ನು ಎಣಿಸಬಹುದಲ್ಲ, ಹಾಗೆ. ಕರೆ ಬರುವ ಮೊದಲು ಟಿವಿ, ರೇಡಿಯೋ ಪಕ್ಕ ‘ಟರ್ ಟಟರ್ ಟಟರ್’ ಅಂತ ಬರುತ್ತಿದ್ದ ಸದ್ದು ನೆನಪಿದೆಯಾ? ಅದು ಈ ತುಣುಕುಗಳದ್ದೇ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಬಾರ್ಕ್‌ಹೌಸನ್ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳುತ್ತಿದ್ದರು. ಮಾತಿನ ನಡುವೆ ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆ ಕೇಳಿಸಿತು. ಗ್ರೆನೇಡ್ ಹಾರುತ್ತಿದೆ ಎಂದರು ಸೈನಿಕರು. ನಿಜಕ್ಕೂ ಅದು ದೂರದ ಸಿಡಿಲು. ಸಿಡಿಲಿನ ರೇಡಿಯೋ ಅಲೆ ಭೂಮಿಯ ಕಾಂತರೇಖೆ ಹಿಡಿದು ಬಹಳ ಎತ್ತರಕ್ಕೆ ಹೋಗಿ ಇಳಿಯುತ್ತದೆ. ದಾರಿಯಲ್ಲಿ ತೀಕ್ಷ್ಣ ಸ್ವರ ಮುಂದೆ ಓಡುತ್ತದೆ, ಮಂದ್ರ ಸ್ವರ ಹಿಂದೆ ಉಳಿಯುತ್ತದೆ. ಅದಕ್ಕೇ ಸಿಳ್ಳೆ. ಆಕಾಶ ಯಾವಾಗಲೂ ಹಾಡುತ್ತಲೇ ಇತ್ತು, ಕೇಳುವ ತಂತಿ ಇರಲಿಲ್ಲ ಅಷ್ಟೇ.

ಇದೇ ಸುರುಳಿಯ ತಮ್ಮನನ್ನು ‘ದೆವ್ವ ಹಿಡಿಯುವ ಮೀಟರ್’ ಅಂತ ವಿಡಿಯೋಗಳಲ್ಲಿ ತೋರಿಸುವುದು ನೋಡಿದರೆ ಬೇಸರವಾಗುತ್ತದೆ. ಹಳೇ ಬಂಗಲೆಯ ಗೋಡೆಯ ಹತ್ತಿರ ಆ ಮೀಟರಿನ ದೀಪ ಮಿನುಗಿತು ಅಂದರೆ ಅಲ್ಲಿ ವೈರಿಂಗ್ ಇರಬಹುದು, ಪ್ರೇತ ಅಲ್ಲ. ಫೋನಿಗೆ ಅಂಟಿಸುವ ‘ರೇಡಿಯೇಷನ್ ತಡೆಯುವ’ ಸ್ಟಿಕ್ಕರ್‌ಗೂ ದಯವಿಟ್ಟು ದುಡ್ಡು ಹಾಕಬೇಡಿ. ಅಂಟಿಸಿ ನೋಡಿದ್ದೇನೆ, ನಾನು ಮನೆಯಲ್ಲಿ ಸುತ್ತಿಕೊಂಡ ಸುರುಳಿಗೆ ಮೊದಲಿನ ಸದ್ದೇ ಕೇಳಿಸಿತು. ಸದ್ದು ಕೇಳಿಸಿತು ಅಂದಮಾತ್ರಕ್ಕೆ ಅಪಾಯ ಇದೆ ಅಂತಲೂ ಅಲ್ಲ. ತುಂಬಾ ಸಣ್ಣದನ್ನು ಆಂಪ್ಲಿಫೈಯರ್ ಬಹಳ ದೊಡ್ಡದು ಮಾಡಿರುತ್ತದೆ.

ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಸಣ್ಣ ತಾಮ್ರದ ತಂತಿ ತಂದು ಒಂದು ಬೋಲ್ಟಿಗೆ ಸುತ್ತಿ, ಹಳೇ ಟೇಪ್‌ರೆಕಾರ್ಡರ್‌ನ ಮೈಕ್ ತೂತಿಗೆ ಜೋಡಿಸಿದ್ದೆ. ನೀವೂ ಮಾಡಬಹುದು. ಸುರುಳಿಯನ್ನು ಉಪಕರಣದ ಹೊರಗೇ ಹಿಡಿಯಿರಿ, ಯಾವ ಪ್ಲಗ್ಗಿಗೂ ಜೋಡಿಸಬೇಡಿ. ಒಂದು ಸಂಜೆ ಫ್ಯಾನಿನ ರೆಗ್ಯುಲೇಟರ್ ಹತ್ತಿರ ಹಿಡಿದು ನುಣ್ಣನೆಯ ಗುಂಯ್ ಕೇಳುತ್ತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಶುರುವಾದದ್ದೇ ತಡ, ಅದೇ ಫ್ಯಾನು ಗರಗಸದ ಹಾಗೆ ಗರಗರ ಎಂದಿತು. ಲೈನಿನ ಕರೆಂಟು ಅಲೆಯಂತೆ ಏರಿ ಇಳಿಯುತ್ತದೆ. ನಮ್ಮ ಮನೆಯ ಅಗ್ಗದ ಯುಪಿಎಸ್ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತದೆ. ಪ್ರತಿ ಮೆಟ್ಟಿಲಿನ ಅಂಚೂ ಸುರುಳಿಗೆ ಒಂದು ಬ್ರೇಕ್. ಅರ್ಧ ಗಂಟೆಯ ಮೇಲೆ ದೀಪ ಒಮ್ಮೆ ಮಿಟುಕಿತು. ಕಿವಿಗೆ ಮತ್ತೆ ನುಣ್ಣನೆಯ ಗುಂಯ್ ಬಂತು. ‘ಕರೆಂಟ್ ಬಂತು’ ಅಂತ ಅಡುಗೆಮನೆಗೆ ಕೂಗಿ ಹೇಳಿದೆ.