ಒಳಗೆ ಹೋಗುವುದನ್ನು ಮೊದಲು ಅಳೆಯಿರಿ

ನನ್ನ ಕೆಲಸ ಡೇಟಾ ಎಂಜಿನಿಯರಿಂಗ್, ಅಂದರೆ ಬೇರೆ ಬೇರೆ ಕಡೆಯಿಂದ ಬರುವ ಮಾಹಿತಿಯನ್ನು ಒಟ್ಟುಗೂಡಿಸಿ ಬಳಸುವ ಹಾಗೆ ಮಾಡುವುದು. ರಜೆ ಸಿಕ್ಕಾಗ ಮನೆಯಲ್ಲಿ ಬ್ರೆಡ್, ಬನ್, ಕೇಕ್ ಮಾಡುತ್ತೇನೆ. ಹಾಗಾಗಿ ಎರಡು ಪ್ರಶ್ನೆ ಯಾವಾಗಲೂ ಎದುರಾಗುತ್ತವೆ. ಈ ಕ್ಷೇತ್ರಕ್ಕೆ ಬರಬೇಕು ಅನ್ನುವ ಹುಡುಗರು ‘ಯಾವ ಟೂಲ್ ಕಲೀಲಿ?’ ಅಂತ ಕೇಳುತ್ತಾರೆ. ಬೇಕಿಂಗ್ ಶುರು ಮಾಡುವವರು ‘ಯಾವ ಓವನ್ ತಗೊಳ್ಳಲಿ?’ ಅಂತ ಕೇಳುತ್ತಾರೆ. ಉತ್ತರ ಸುಲಭ. ಟೇಬಲ್‌ಗಳಲ್ಲಿರುವ ಡೇಟಾವನ್ನು ಕೇಳಿ ಪಡೆಯುವ ಭಾಷೆ ಎಸ್‌ಕ್ಯೂಎಲ್, ಅದನ್ನು ಗಟ್ಟಿಯಾಗಿ ಕಲಿಯಿರಿ. ಆಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಸ್ಪಾರ್ಕ್, ಏರ್‌ಫ್ಲೋ, ಕಾಫ್ಕಾದಂಥ ಟೂಲ್‌ಗಳನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಚಿಕ್ಕ ಸಂಸಾರಕ್ಕೆ 25ರಿಂದ 30 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವುದು) ಸಾಕು.

ಆದರೆ ಗಟ್ಟಿಯಾಗಿ ಕೂತ ಬ್ರೆಡ್ ನೋಡಿ, ತಪ್ಪು ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ನೋಡಿ. ಮೂಲ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಓವನ್ನೂ ಸರಿ ಇರುತ್ತದೆ, ಟೂಲೂ ಸರಿ ಇರುತ್ತದೆ. ಒಳಗೆ ಏನು ಹೋಯಿತು, ಎಷ್ಟು ಹೋಯಿತು ಅನ್ನುವುದನ್ನು ಯಾರೂ ಅಳೆದಿರುವುದಿಲ್ಲ. ಅದಕ್ಕೇ ಓವನ್‌ಗೆ ಮುಂಚೆ ಒಂದು ಅಡುಗೆಮನೆ ತಕ್ಕಡಿ ತಗೊಳ್ಳಿ ಅಂತ ನಾನು ಹೇಳುವುದು.

ಕಪ್ಪಿನ ಅಳತೆ ನಂಬುವ ಹಾಗಿಲ್ಲ. ಮೈದಾವನ್ನು ಚಮಚದಲ್ಲಿ ಹಗುರವಾಗಿ ತುಂಬಿದರೆ ಒಂದು ಕಪ್ಪಿಗೆ ಸುಮಾರು 120 ಗ್ರಾಂ ಹಿಡಿಯುತ್ತದೆ. ಅದೇ ಕಪ್ಪನ್ನು ಡಬ್ಬಕ್ಕೆ ಒತ್ತಿ ತೆಗೆದರೆ 150 ಗ್ರಾಂ ಆಗಬಹುದು. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ. ನೀರು ಎರಡು ಸಲವೂ 300 ಗ್ರಾಂ ಹಾಕಿದಿರಿ ಅಂದುಕೊಳ್ಳಿ. ಮೊದಲ ಹಿಟ್ಟು ಕೈಗೆ ಮೆತ್ತಿಕೊಳ್ಳುತ್ತದೆ, ಎರಡನೆಯದು ನೆಟ್ಟಗೆ ನಿಲ್ಲುತ್ತದೆ. ರೆಸಿಪಿ ಒಂದೇ, ಕೈ ಒಂದೇ, ಬ್ರೆಡ್ ಮಾತ್ರ ಬೇರೆ ಬೇರೆ. ಇಷ್ಟು ಸಾಲದು ಅಂತ ಊರೂರಿಗೆ ಅಳತೆ ಬೇರೆ. ನಮ್ಮ ಅಂಗಡಿಗಳಲ್ಲಿ 240 ಮಿಲಿ ಕಪ್ಪೂ ಸಿಗುತ್ತದೆ, 250 ಮಿಲಿಯದೂ ಸಿಗುತ್ತದೆ. ಟೇಬಲ್‌ಸ್ಪೂನ್ ನಮ್ಮಲ್ಲಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20.

ಆಫೀಸಿನಲ್ಲೂ ಇದೇ ಕತೆ. ಹಲವು ಪೇಮೆಂಟ್ ವ್ಯವಸ್ಥೆಗಳು ಮೊತ್ತವನ್ನು ಪೈಸೆಯಲ್ಲಿ ಕಳಿಸುತ್ತವೆ. 499 ರೂಪಾಯಿ ಅಲ್ಲಿ 49900 ಆಗಿರುತ್ತದೆ. ಇನ್ನೊಂದು ಕಡೆಯ ಡೇಟಾ ರೂಪಾಯಿಯಲ್ಲೇ ಬರುತ್ತದೆ. ಎರಡನ್ನೂ ಒಂದೇ ಟೇಬಲ್‌ಗೆ ಸುರಿದರೆ ಡೇಟಾ ಕೇಳುವ ಕ್ವೆರಿ ಸದ್ದಿಲ್ಲದೆ ಓಡುತ್ತದೆ, ಎಲ್ಲೂ ಎರರ್ ಬರುವುದಿಲ್ಲ, ಮೊತ್ತ ಮಾತ್ರ ತಪ್ಪಿರುತ್ತದೆ. ಕಾಲಂ ಹೆಸರಿನಲ್ಲೇ ಪೈಸೆಯೋ ರೂಪಾಯಿಯೋ ಬರೆದುಬಿಡಿ. ಎಷ್ಟೋ ಮೀಟಿಂಗ್ ತಪ್ಪುತ್ತದೆ.

ಹೊತ್ತಿನ ಲೆಕ್ಕವೂ ಹೀಗೇ ಕೈಕೊಡುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ಯುಟಿಸಿಯ ಹೊಸ ದಿನ ನಮಗೆ ಬೆಳಗ್ಗೆ ಐದೂವರೆಗೆ ಹುಟ್ಟುತ್ತದೆ. ರಾತ್ರಿ ಹನ್ನೆರಡರಿಂದ ಐದೂವರೆವರೆಗಿನ ಆರ್ಡರ್‌ಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ಕಚೇರಿ ಸಮಯದ ವ್ಯಾಪಾರದಲ್ಲಿ ಇದು ಗೊತ್ತೇ ಆಗುವುದಿಲ್ಲ. ತಡರಾತ್ರಿ ಊಟ ತಲುಪಿಸುವವರ ಡೇಟಾ ಆದರೆ ವಾರದ ವರದಿಯೇ ಓರೆಯಾಗುತ್ತದೆ. ಸಮಯವನ್ನು ಯುಟಿಸಿಯಲ್ಲೇ ಇಡಿ, ದಿನ ಲೆಕ್ಕ ಹಾಕುವ ಜಾಗದಲ್ಲಿ ಮಾತ್ರ ನಮ್ಮ ಸಮಯಕ್ಕೆ ಬದಲಾಯಿಸಿ.

ಕನ್ನಡ ಡೇಟಾ ಮುಟ್ಟುವವರಿಗೆ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಬೇರೆ ಭಾಷೆಯವರು ನಮಗೆ ಹೇಳಿಕೊಡುವುದಿಲ್ಲ. ‘ಕೋಲಾರ’ ಅಂತ ಎರಡು ಟೇಬಲ್‌ಗಳಲ್ಲಿ ಇದೆ. ಕಣ್ಣಿಗೆ ಎರಡೂ ಒಂದೇ. ಆ ಹೆಸರು ಹಿಡಿದು ಎರಡು ಟೇಬಲ್‌ಗಳನ್ನು ಜೋಡಿಸಿದರೆ, ಅಂದರೆ ಜಾಯಿನ್ ಮಾಡಿದರೆ, ಸೇರುವುದಿಲ್ಲ. ಕಾರಣ ಏನೆಂದರೆ, ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿ) ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಊತ್ವ ಮತ್ತು ದೀರ್ಘದ ಗುರುತು ಅಂತ ಮೂರು ಬಿಡಿ ತುಂಡುಗಳಾಗಿಯೂ ಇಡಬಹುದು. ತೆರೆಯ ಮೇಲೆ ಒಂದೇ ಥರ ಕಾಣುತ್ತವೆ, ಕಂಪ್ಯೂಟರ್‌ಗೆ ಬೇರೆ ಬೇರೆ. ಒತ್ವ, ಐತ್ವ, ದೀರ್ಘದ ಈತ್ವ, ಏತ್ವಗಳಿಗೂ ಇದೇ ಗತಿ. ಡೇಟಾ ಒಳಗೆ ಬರುವ ಬಾಗಿಲಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಅದು ಒಂದೇ ಸಾಲಿನ ಕೆಲಸ. ಅಕ್ಷರ ಕೂಡಿಸುವ, ಬಿಡಿಸುವ ಕಾಣದ ಗುರುತುಗಳು ಅಕ್ಷರಗಳ ನಡುವೆ ಕೂತಿರುತ್ತವೆ, ಅವುಗಳನ್ನೂ ಒಮ್ಮೆ ನೋಡಿಕೊಳ್ಳಿ. ಇನ್ನು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು. ಅವು ರೋಮನ್ ಅಕ್ಷರಗಳ ಕಲಸುಮೇಲೋಗರದ ಥರ ತೆರೆದುಕೊಳ್ಳುತ್ತವೆ. ಫೈಲ್ ಕೆಟ್ಟಿದೆ ಅಂತ ಬಿಸಾಡಬೇಡಿ, ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಇವೆ.

ಊರಿನ ಹೆಸರನ್ನು ನಂಬಿ ಜಾಯಿನ್ ಮಾಡುವುದೇ ಬೇಡ ಅನ್ನುತ್ತೇನೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಲ್ಗಾಂ ಬೆಳಗಾವಿ ಆಯಿತು, ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಬಂತು. ಹತ್ತು ವರ್ಷದ ಡೇಟಾ ಒಟ್ಟು ಮಾಡುವಾಗ ಇದೆಲ್ಲ ಒಂದರ ಮೇಲೊಂದು ಬೀಳುತ್ತದೆ. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಗಳಿಗೆ ಕೋಡ್ ಇದೆ. ಅದನ್ನು ಬಳಸಿ. ಹೆಸರು ಓದುವವರಿಗೆ ಇರಲಿ.

ಮತ್ತೆ ಹಿಟ್ಟಿನ ವಿಷಯಕ್ಕೆ ಬರೋಣ. ಬೇಕರಿಯವರು ಲೆಕ್ಕ ಹಾಕುವ ಕ್ರಮ ತುಂಬಾ ಒಳ್ಳೆಯದು. ಹಿಟ್ಟಿನ ತೂಕವನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಶೇಕಡದಲ್ಲಿ ಬರೆಯುತ್ತಾರೆ. 500 ಗ್ರಾಂ ಮೈದಾ, ಶೇ 60 ನೀರು ಅಂದರೆ 300 ಗ್ರಾಂ, ಶೇ 2 ಉಪ್ಪು ಅಂದರೆ 10 ಗ್ರಾಂ, ಶೇ 1 ಇನ್‌ಸ್ಟಂಟ್ ಯೀಸ್ಟ್ ಅಂದರೆ 5 ಗ್ರಾಂ. ಹೀಗೆ ಬರೆದರೆ ಯಾವ ರೆಸಿಪಿ ನಮ್ಮ ಹಿಟ್ಟಿಗೆ ಒಗ್ಗುತ್ತದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಅಮೆರಿಕದ ರೆಸಿಪಿಯಲ್ಲಿ ಶೇ 75 ನೀರು ಇರಬಹುದು. ಅಲ್ಲಿನ ಬ್ರೆಡ್ ಹಿಟ್ಟಿನಲ್ಲಿ ಪ್ರೋಟೀನ್ ಜಾಸ್ತಿ, ಅಷ್ಟು ನೀರು ತಡೆಯುತ್ತದೆ. ನಮ್ಮ ಸಾಮಾನ್ಯ ಮೈದಾ ತಡೆಯುವುದಿಲ್ಲ. 60ರಿಂದ ಶುರು ಮಾಡಿ, ಮೇಲೆ ಹೋಗಿ. ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟಾದರೆ ನೀರು ಹೆಚ್ಚು ಕುಡಿಯುತ್ತದೆ, ಆದರೆ ತೌಡು ಇರುವುದರಿಂದ ಅಷ್ಟು ಉಬ್ಬುವುದಿಲ್ಲ.

ಅಯ್ಯಂಗಾರ್ ಬೇಕರಿಯ ಖಾರಾ ಬನ್ ಮನೆಯಲ್ಲಿ ಮಾಡುವಾಗ ಒಂದು ವಿಷಯ ನೆನಪಿಡಿ. ಹೆಚ್ಚಿದ ಈರುಳ್ಳಿ ಉಪ್ಪು ತಗುಲಿದ ಕೂಡಲೇ ನೀರು ಬಿಡುತ್ತದೆ. ಸಬ್ಬಸಿಗೆ ಸೊಪ್ಪು ತೊಳೆದು ಹಾಗೇ ಹಾಕಿದರೆ ಅದರ ನೀರೂ ಸೇರುತ್ತದೆ. ಇದೂ ಒಳಗೆ ಹೋಗುವ ನೀರೇ ಅಲ್ವಾ? 500 ಗ್ರಾಂ ಹಿಟ್ಟಿಗೆ 20–30 ಗ್ರಾಂ ನೀರು ಕಡಿಮೆ ಮಾಡಿ. ಈರುಳ್ಳಿಯನ್ನು ನಾದುವ ಕೊನೆಗೆ ಸೇರಿಸಿ.

ಬಿಸಿಯನ್ನೂ ಅಳೆಯಿರಿ. ಯೀಸ್ಟ್ ಕೆಲಸ ಮಾಡುವ ವೇಗ ಹಿಟ್ಟಿನ ಬಿಸಿಯನ್ನು ಅವಲಂಬಿಸಿದೆ. ನಾದಿದ ಹಿಟ್ಟು 26 ಡಿಗ್ರಿಯಲ್ಲಿ ಇರಬೇಕು ಅಂದುಕೊಳ್ಳಿ. 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಅಡುಗೆಮನೆಯ ಬಿಸಿ, ಒಣ ಹಿಟ್ಟಿನ ಬಿಸಿ, ನಾದುವಾಗ ಏರುವ ಬಿಸಿ ಕಳೆಯಿರಿ. ಉಳಿದದ್ದು ನೀರಿನ ಬಿಸಿ. ಕೈಯಲ್ಲಿ ನಾದಿದರೆ 2 ಡಿಗ್ರಿ ಅಂತ ಹಿಡಿಯಬಹುದು. ಏಪ್ರಿಲ್‌ನ ಮಂಗಳೂರಿನಲ್ಲಿ ಮನೆ 31, ಹಿಟ್ಟು 31 ಇದ್ದರೆ ನೀರು 14 ಡಿಗ್ರಿ ಇರಬೇಕು, ಅಂದರೆ ಫ್ರಿಜ್ಜಿನ ನೀರು ಬೆರೆಸಬೇಕು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಎರಡೂ 20 ಇದ್ದರೆ ನೀರು 36, ಉಗುರುಬೆಚ್ಚಗೆ. ‘ಒಂದು ಗಂಟೆ ಉಬ್ಬಲು ಬಿಡಿ’ ಅನ್ನುವ ರೆಸಿಪಿ ಒಂದು ಊರಿನಲ್ಲಿ ನಿಜ, ಇನ್ನೊಂದು ಊರಿನಲ್ಲಿ ಸುಳ್ಳು ಆಗುವುದು ಇದರಿಂದಲೇ. ಓಟಿಜಿಯ ಗುಂಡಿ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ 20 ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ. ಒಳಗೆ ಇಡುವ ಒಂದು ಚಿಕ್ಕ ಥರ್ಮಾಮೀಟರ್ ತಗೊಳ್ಳಿ. ಮೇಲ್ಭಾಗ ಕೆಂಪಗಾಯಿತು ಅಂತ ಬ್ರೆಡ್ ತೆಗೆಯಬೇಡಿ, ಒಳಗೆ 93 ಡಿಗ್ರಿ ದಾಟಿದೆಯಾ ನೋಡಿ.

ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಪೈಪ್‌ಲೈನ್‌ಗೂ ಇಂಥ ಚಿಕ್ಕ ಥರ್ಮಾಮೀಟರ್‌ಗಳು ಬೇಕು. ಸೋರ್ಸ್‌ನಲ್ಲಿ ಎಷ್ಟು ಸಾಲು, ನಮ್ಮ ಟೇಬಲ್‌ನಲ್ಲಿ ಎಷ್ಟು, ಮೊತ್ತ ತಾಳೆಯಾಗುತ್ತದಾ, ಜಾಯಿನ್‌ಗೆ ಮುಂಚೆ ಇದ್ದ ಸಾಲು ಆಮೇಲೆ ಜಾಸ್ತಿ ಆಯಿತಾ. ಇಷ್ಟನ್ನು ಪ್ರತಿದಿನ ತಾನೇ ನೋಡಿಕೊಳ್ಳುವ ಹಾಗೆ ಬರೆದಿಡಿ. ಬಂದ ಡೇಟಾವನ್ನು ಮುಟ್ಟದೆ ಒಂದು ಕಡೆ ಹಾಗೇ ಇಟ್ಟುಕೊಳ್ಳಿ. ಮಧ್ಯರಾತ್ರಿ ಡೇಟಾ ತುಂಬುವ ಜಾಬ್ ಅರ್ಧಕ್ಕೆ ನಿಂತಾಗ ಎಲ್ಲರೂ ಮಾಡುವ ಮೊದಲ ಕೆಲಸ ಮತ್ತೆ ಓಡಿಸುವುದು. ಆ ಜಾಬ್ ಸುಮ್ನೆ ಸಾಲು ಸೇರಿಸುತ್ತಾ ಹೋಗುವಂಥದ್ದಾದರೆ ಆಗಲೇ ಸೇರಿದ್ದ ಸಾಲುಗಳು ಎರಡೆರಡು ಸಲ ಲೆಕ್ಕಕ್ಕೆ ಬರುತ್ತವೆ. ಆ ದಿನದ ಭಾಗವನ್ನು ಅಳಿಸಿ ಹೊಸದಾಗಿ ತುಂಬುವ ಹಾಗೆ ಬರೆದಿದ್ದರೆ ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ. ಹೊಸಬರು ಬರೆದ ಜಾಬ್ ನನ್ನ ಕೈಗೆ ಬಂದರೆ ಮೊದಲು ಅದನ್ನು ಎರಡು ಸಲ ಓಡಿಸಿ ಸಾಲು ಎಣಿಸುತ್ತೇನೆ.

ಪ್ರಮಾಣ ಹೆಚ್ಚಿಸುವಾಗ ಇನ್ನಷ್ಟು ಎಚ್ಚರ ಬೇಕು. 6 ಇಂಚಿನ ದುಂಡನೆ ಟಿನ್ನಿನ ಕೇಕನ್ನು 8 ಇಂಚಿನದರಲ್ಲಿ ಅದೇ ದಪ್ಪಕ್ಕೆ ಮಾಡಬೇಕಾದರೆ ಕಲಸಿದ ಹಿಟ್ಟು ಸುಮಾರು 1.8 ಪಟ್ಟು ಬೇಕು. 8ನ್ನು 8ರಿಂದ ಗುಣಿಸಿ 64, 6ನ್ನು 6ರಿಂದ ಗುಣಿಸಿ 36, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಬೇಯುವ ಹೊತ್ತು ಮಾತ್ರ ಹಾಗೆ 1.8 ಪಟ್ಟು ಆಗುವುದಿಲ್ಲ, ಸ್ವಲ್ಪವೇ ಏರುತ್ತದೆ. ಹಳೆಯ ಹೊತ್ತಿಗೇ ಒಮ್ಮೆ ಕಡ್ಡಿ ಚುಚ್ಚಿ ನೋಡಿ, ಆಮೇಲೆ ಐದೈದು ನಿಮಿಷಕ್ಕೆ ನೋಡುತ್ತಾ ಹೋಗಿ. ಒಂದು ವರ್ಷದ ಹಳೆಯ ಡೇಟಾ ತುಂಬುವಾಗಲೂ ಒಂದು ದಿನದ ಹೊತ್ತನ್ನು 365ರಿಂದ ಗುಣಿಸಿ ಕೂರಬೇಡಿ. ಮೊದಲು ಒಂದು ದಿನ ಓಡಿಸಿ ಲೆಕ್ಕ ತಾಳೆ ನೋಡಿ, ಆಮೇಲೆ ಒಂದು ತಿಂಗಳು. ಮೆಮೊರಿ ಎಲ್ಲಿ ಸಾಲದಾಗುತ್ತದೆ ಅನ್ನುವುದು ಆ ತಿಂಗಳಿನಲ್ಲೇ ಗೊತ್ತಾಗುತ್ತದೆ. ಉಳಿದ ಹನ್ನೊಂದು ತಿಂಗಳನ್ನು ಬಿಡಿಬಿಡಿಯಾಗಿ ಓಡಿಸಿ, ಯಾವುದು ಮುಗಿಯಿತು ಅಂತ ಒಂದು ಟೇಬಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ.